ಅಂತ್ಯ ಗೊತ್ತಿದ್ದೂ ಮತ್ತೆ ಬಂದ ಪ್ರೇಕ್ಷಕರು: ‘ಟೈಟಾನಿಕ್’ ಚಿತ್ರದ ಪ್ರಕರಣ ಅಧ್ಯಯನ

ಜೇಮ್ಸ್ ಕ್ಯಾಮರೂನ್ ನಿರ್ದೇಶನದ ‘ಟೈಟಾನಿಕ್’ ಅಮೆರಿಕದಲ್ಲಿ ತೆರೆಕಂಡದ್ದು 1997ರ ಡಿಸೆಂಬರ್ 19ರಂದು. ಮೊದಲ ವಾರಾಂತ್ಯದ ಗಳಿಕೆ ಸುಮಾರು 2.86 ಕೋಟಿ ಡಾಲರ್. 20 ಕೋಟಿ ಡಾಲರ್ ಸುರಿದ ಚಿತ್ರಕ್ಕೆ ಇದೇನೂ ಹೇಳಿಕೊಳ್ಳುವಂಥ ಓಪನಿಂಗ್ ಆಗಿರಲಿಲ್ಲ. ಆದರೆ ಎರಡನೇ ವಾರಾಂತ್ಯದ ಗಳಿಕೆ ಮೊದಲನೆಯದನ್ನು ಮೀರಿತು. ಒಂದೇ ದಿನದಲ್ಲಿ ಅತಿ ಹೆಚ್ಚು ಹಣ ಬಂದದ್ದು 1998ರ ಫೆಬ್ರವರಿ 14ರಂದು, ಬಿಡುಗಡೆಯಾಗಿ ಎಂಟು ವಾರ ಕಳೆದ ಮೇಲೆ. ಸತತ 15 ವಾರಾಂತ್ಯ ಚಿತ್ರ ಮೊದಲ ಸ್ಥಾನ ಬಿಟ್ಟು ಕದಲಲಿಲ್ಲ. ದೊಡ್ಡ ಬಜೆಟ್ಟಿನ ಚಿತ್ರಗಳು ಸಾಮಾನ್ಯವಾಗಿ ಮೊದಲ ಮೂರು ದಿನ ಅಬ್ಬರಿಸಿ ಆಮೇಲೆ ಇಳಿಯುತ್ತವೆ. ಇಲ್ಲಿ ಇಳಿಯಲಿಲ್ಲ ಎಂದರೆ ನೋಡಿದವರು ಇನ್ನೊಬ್ಬರನ್ನು ಕರೆದುಕೊಂಡು ಮತ್ತೆ ಬಂದರು ಎಂದೇ ಅರ್ಥ. ಗಾಂಧಿನಗರದ ಭಾಷೆಯಲ್ಲಿ ಹೇಳುವುದಾದರೆ ರಿಪೀಟ್ ಆಡಿಯನ್ಸ್.

ಯಾಕೆ ಹೀಗಾಯಿತು ಎಂದು ಕೇಳಿದರೆ ಮೂರು ಉತ್ತರ ತಯಾರಾಗಿರುತ್ತವೆ: ಹಡಗಿನ ಗ್ರಾಫಿಕ್ಸ್, ನಾಯಕನ ಮುಖ, ಸೆಲೀನ್ ಡಿಯಾನ್ ಹಾಡು. ಮೂರರಲ್ಲೂ ಸತ್ಯವಿದೆ. ಆದರೆ ಅಂದಿನ ಗ್ರಾಫಿಕ್ಸ್ ಇಂದಿನ ಕಣ್ಣಿಗೆ ಅಲ್ಲಲ್ಲಿ ಸಿಕ್ಕಿಬೀಳುತ್ತದೆ, ಹಾಡು ಕೇಳಿ ಕೇಳಿ ಸವೆದಿದೆ. ಆದರೂ ಚಿತ್ರ ನೋಡುವಾಗ ಗಂಟಲು ಕಟ್ಟುವುದು ನಿಂತಿಲ್ಲ. ಕಣ್ಣೀರು ಬರುವುದು ಹಡಗು ಮುಳುಗುವಾಗ ನಿಜ. ಅದಕ್ಕೆ ಬೇಕಾದ ಕೆಲಸವೆಲ್ಲ ಮುಗಿದಿರುವುದು ಹಿಮಗಡ್ಡೆ ಕಣ್ಣಿಗೆ ಬೀಳುವ ಮುಂಚಿನ ಸುಮಾರು ಒಂದು ಗಂಟೆ ನಲವತ್ತು ನಿಮಿಷದಲ್ಲಿ. ಈ ಅಧ್ಯಯನ ಮುಖ್ಯವಾಗಿ ಆ ನೂರು ನಿಮಿಷದ ಬಗ್ಗೆ.

ಇಕ್ಕಟ್ಟು ಏನಿತ್ತು

1912ರ ಏಪ್ರಿಲ್ 14ರ ರಾತ್ರಿ 11.40ಕ್ಕೆ ಹಡಗು ಹಿಮಗಡ್ಡೆಗೆ ತಾಗಿತು. ನಡುರಾತ್ರಿ ಕಳೆದು 2.20ಕ್ಕೆ ಮುಳುಗಿತು. ಸುಮಾರು 1,500 ಜನ ಸತ್ತರು. ಟಿಕೆಟ್ ಹರಿಸುವ ಮೊದಲೇ ಪ್ರೇಕ್ಷಕನಿಗೆ ಇಷ್ಟು ಗೊತ್ತು. ಮುಂದೇನಾಗುತ್ತದೆ ಎಂಬ ಕುತೂಹಲವೇ ಚಿತ್ರಕಥೆಯ ಬಂಡವಾಳ ಎನ್ನುವುದಾದರೆ ಈ ಕಥೆ ಕೈಖಾಲಿ ಮಾಡಿಕೊಂಡೇ ಹೊರಟಿತ್ತು. ಇದೇ ದುರಂತದ ಮೇಲೆ 1958ರಲ್ಲಿ ಬ್ರಿಟನ್ನಿನಲ್ಲಿ ‘ಎ ನೈಟ್ ಟು ರಿಮೆಂಬರ್’ ಬಂದಿತ್ತು. ಇತಿಹಾಸಕ್ಕೆ ನಿಷ್ಠವಾದ ಚಿತ್ರ ಯಾವುದು ಎಂದರೆ ಇಂದಿಗೂ ಅದರತ್ತ ಬೆರಳು ತೋರಿಸುವವರಿದ್ದಾರೆ. ಅದರಲ್ಲಿ ಹತ್ತಾರು ಜನರ ಕಥೆ ಪಕ್ಕಪಕ್ಕದಲ್ಲಿ ಸಾಗುತ್ತದೆ. ಪ್ರೇಕ್ಷಕ ಯಾರೊಬ್ಬರ ಕೈಯನ್ನೂ ಹಿಡಿದು ನಡೆಯುವುದಿಲ್ಲ.

ಕ್ಯಾಮರೂನ್ ಚಿತ್ರದ ಅವಧಿ 3 ಗಂಟೆ 14 ನಿಮಿಷ. ಮಾತುಗಳು ಸಾಧಾರಣ. 14 ಆಸ್ಕರ್ ನಾಮನಿರ್ದೇಶನ ಪಡೆದು 11 ಗೆದ್ದ ಈ ಚಿತ್ರಕ್ಕೆ ಚಿತ್ರಕಥೆ ವಿಭಾಗದಲ್ಲಿ ನಾಮನಿರ್ದೇಶನವೇ ಸಿಗಲಿಲ್ಲ. ಸಂಭಾಷಣೆಯ ಮಟ್ಟಿಗೆ ಆ ತೀರ್ಪು ನ್ಯಾಯವೇ ಸರಿ. ಕಥೆಯ ಕಟ್ಟುವಿಕೆಯ ಮಟ್ಟಿಗೆ ಆಸ್ಕರ್ ಮಂದಿ ಎಡವಿದರು.

ಮೊದಲು ಪಾಠ, ಆಮೇಲೆ ಪ್ರಸಂಗ

ಚಿತ್ರ ಶುರುವಾಗಿ ಸುಮಾರು ಇಪ್ಪತ್ತು ನಿಮಿಷಕ್ಕೆ ಒಂದು ಸೀನು ಬರುತ್ತದೆ. ಅವಶೇಷ ಹುಡುಕುವ ಹಡಗಿನಲ್ಲಿ, ಆ ದುರಂತದಿಂದ ಬದುಕಿ ಬಂದು ಈಗ ನೂರು ದಾಟಿದ ರೋಸ್ ಅಜ್ಜಿಯ ಮುಂದೆ, ಗಡ್ಡದ ತಂತ್ರಜ್ಞನೊಬ್ಬ ಕಂಪ್ಯೂಟರ್ ಪರದೆ ಮೇಲೆ ಹಡಗು ಮುಳುಗಿದ ಬಗೆಯನ್ನು ತೋರಿಸುತ್ತಾನೆ. ಬಲಬದಿಗೆ ಹಿಮಗಡ್ಡೆ ತಾಗಿತು, ಸಾಲಾಗಿ ತೂತು ಬಿದ್ದವು, ಒಂದೊಂದೇ ಕೋಣೆ ತುಂಬಿ ನೀರು ಅಡ್ಡಗೋಡೆಯ ಮೇಲಿಂದ ಮುಂದಿನ ಕೋಣೆಗೆ ಚೆಲ್ಲಿತು, ಮೂತಿ ಕೆಳಗಾಯಿತು, ಹಿಂಭಾಗ ಎದ್ದಿತು, ಆ ಭಾರ ತಡೆಯಲಾರದೆ ನಡು ಮುರಿಯಿತು, ಹಿಂಭಾಗ ಧೊಪ್ಪನೆ ಬಿದ್ದು ಮತ್ತೆ ನೆಟ್ಟಗೆ ನಿಂತು ಮುಳುಗಿತು. ಒಟ್ಟು ಎರಡು ಗಂಟೆ ನಲವತ್ತು ನಿಮಿಷ. ಆತ ಕ್ರಿಕೆಟ್ ಕಾಮೆಂಟರಿಯ ಹುರುಪಿನಲ್ಲಿ ಹೇಳಿ ಮುಗಿಸುತ್ತಾನೆ. ವಿಶ್ಲೇಷಣೆಗೆ ಧನ್ಯವಾದ, ಅನುಭವ ಮಾತ್ರ ಬೇರೆಯೇ ಇತ್ತು ಎಂದು ಅಜ್ಜಿ ತಣ್ಣಗೆ ಉತ್ತರಿಸುತ್ತಾಳೆ.

ಇದು ಇಡೀ ಚಿತ್ರದ ಅತಿ ಉಪಯುಕ್ತ ಸೀನು. ನೂರು ನಿಮಿಷ ಕಳೆದು ಹಡಗು ವಾಲತೊಡಗಿದಾಗ ಯಾವ ಪಾತ್ರವೂ ನಿಂತು ವಿವರಣೆ ಕೊಡಬೇಕಾಗಿಲ್ಲ. ನೆಲ ಓರೆಯಾದರೆ ಏನರ್ಥ, ದೀಪ ಆರಿದರೆ ಮುಂದೇನು, ನಡುಭಾಗದಲ್ಲಿ ಕರಕರ ಸದ್ದು ಕೇಳಿದರೆ ಇನ್ನೆಷ್ಟು ಹೊತ್ತು, ಎಲ್ಲವೂ ಪ್ರೇಕ್ಷಕನಿಗೆ ಮೊದಲೇ ತಿಳಿದಿದೆ. ಅರ್ಥ ಮಾಡಿಕೊಳ್ಳಲು ತಲೆ ಓಡಿಸಬೇಕಾದ ಗಳಿಗೆಯಲ್ಲಿ ಯಾರೂ ಅಳುವುದಿಲ್ಲ. ನಮ್ಮ ದೊಡ್ಡ ಚಿತ್ರಗಳಲ್ಲಿ ಕ್ಲೈಮ್ಯಾಕ್ಸಿನ ನಡುವೆ ಫ್ಲ್ಯಾಶ್‌ಬ್ಯಾಕ್ ತೂರಿಸಿ ಯಾರು ಯಾರಿಗೆ ಏನಾಗಬೇಕು ಎಂದು ಹೇಳಿಸುವ ಅಭ್ಯಾಸವಿದೆಯಲ್ಲ, ಅಲ್ಲಿ ಭಾವ ಸೋರಿಹೋಗುವುದು ಇದೇ ಕಾರಣಕ್ಕೆ.

ಕ್ಯಾಮರೂನ್ ರಹಸ್ಯವನ್ನು ತಾನಾಗಿ ಬಿಟ್ಟುಕೊಟ್ಟು ಪ್ರಶ್ನೆಯನ್ನೇ ಬದಲಿಸಿದರು. ಹಡಗು ಏನಾಗುತ್ತದೆ ಎಂಬುದು ಮುಗಿದ ಮಾತು. ಅಜ್ಜಿ ಬದುಕಿ ಎದುರಿಗೇ ಕೂತಿದ್ದಾಳೆ, ಹಾಗಾಗಿ ಅವಳು ಉಳಿಯುತ್ತಾಳೋ ಇಲ್ಲವೋ ಎಂಬುದೂ ಪ್ರಶ್ನೆಯಲ್ಲ. ಉಳಿದದ್ದು ಒಂದೇ: ಅವಶೇಷದಲ್ಲಿ ಸಿಕ್ಕ ಅವಳ ಚಿತ್ರಪಟದ ಮೇಲೆ ಸಹಿ ಹಾಕಿದ ಆ ಹುಡುಗ, ಜಾಕ್, ಏನಾದ?

ನೂರು ನಿಮಿಷದ ಬಿತ್ತನೆ

ಹಿಮಗಡ್ಡೆಗೆ ಮುಂಚಿನ ಭಾಗವನ್ನು ‘ಲವ್ ಸ್ಟೋರಿ’ ಎಂದು ಬದಿಗೆ ಸರಿಸುವವರು ಒಮ್ಮೆ ಕೈಯಲ್ಲಿ ಪೆನ್ನು ಹಿಡಿದು ನೋಡಬೇಕು. ಪ್ರೇಮದ ನೆಪದಲ್ಲಿ ಎಷ್ಟೊಂದು ಸಾಮಾನು ಒಳಗೆ ಸಾಗಿದೆ!

ರೋಸ್ ಡೆಕ್ಕಿನ ಮೇಲೆ ನಡೆಯುತ್ತ ಹಡಗಿನ ವಿನ್ಯಾಸಕಾರ ಥಾಮಸ್ ಆಂಡ್ರೂಸ್‌ಗೆ ಹೇಳುತ್ತಾಳೆ: ದೋಣಿಗಳ ಸಂಖ್ಯೆಯನ್ನು ಒಂದೊಂದರಲ್ಲಿ ಹಿಡಿಸುವ ಜನರಿಗೆ ಗುಣಿಸಿ ನೋಡಿದೆ, ಎಲ್ಲರಿಗೂ ಸಾಲದು. ಅರ್ಧದಷ್ಟು ಜನರಿಗಷ್ಟೇ ಎಂದು ಆತ ಒಪ್ಪಿಕೊಳ್ಳುತ್ತಾನೆ. ವಾಯುವಿಹಾರದ ಹರಟೆಯ ಧಾಟಿಯಲ್ಲಿ ಬಂದ ಈ ಲೆಕ್ಕ ಆಮೇಲೆ ದೋಣಿ ಇಳಿಸುವ ಪ್ರತಿ ಶಾಟಿನ ಹಿಂದೆಯೂ ಕೆಲಸ ಮಾಡುತ್ತದೆ. ಮೂರನೇ ದರ್ಜೆಯವರು ಹಡಗು ಹತ್ತುವಾಗ ಅವರ ಗಡ್ಡ ಬಾಚಿ ಹೇನು ಹುಡುಕುವುದನ್ನು ಕ್ಷಣಕಾಲ ತೋರಿಸುತ್ತಾರೆ. ಕೊನೆಯಲ್ಲಿ ಕಬ್ಬಿಣದ ಗೇಟಿನ ಹಿಂದೆ ನಿಂತ ಜನರನ್ನು ಕಂಡಾಗ ಅದು ಯಾವ ವ್ಯವಸ್ಥೆಯ ಗೇಟು ಎಂದು ಹೇಳಿಕೊಡಬೇಕಾಗಿಲ್ಲ.

ಇನ್ನು ತಣ್ಣೀರು. ಜಾಕ್ ಮತ್ತು ರೋಸ್ ಮೊದಲು ಭೇಟಿಯಾಗುವುದು ಹಡಗಿನ ಹಿಂತುದಿಯ ಕಂಬಿಯ ಬಳಿ, ಅವಳು ಹಾರಲು ನಿಂತಾಗ. ಆತ ಬೋಧನೆ ಮಾಡುವುದಿಲ್ಲ, ನೀರಿನ ವಿಷಯ ಎತ್ತುತ್ತಾನೆ. ವಿಸ್ಕಾನ್ಸಿನ್‌ನ ವಿಸೋಟಾ ಕೆರೆಯ ಹಿಮ ಒಡೆದು ಬಿದ್ದಿದ್ದೆ, ಮೈಗೆಲ್ಲ ಸಾವಿರ ಚೂರಿ ಇರಿದ ಹಾಗೆ, ಉಸಿರು ಸಿಕ್ಕುವುದಿಲ್ಲ, ನೋವು ಬಿಟ್ಟು ಬೇರೇನೂ ಹೊಳೆಯುವುದಿಲ್ಲ ಎನ್ನುತ್ತಾನೆ. ಅವಳನ್ನು ಹೆದರಿಸಿ ಇಳಿಸುವ ಉಪಾಯದ ಹಾಗೆ ಕಾಣುವ ಈ ಮಾತು, ಎರಡು ಗಂಟೆಯ ಬಳಿಕ ಆತ ಅದೇ ನೀರಿನಲ್ಲಿ ತೇಲುವಾಗ ಪ್ರೇಕ್ಷಕನ ಮೈಗೆ ತಾಗುತ್ತದೆ. ಜಾಕ್ ಆಗ ತನಗೇನಾಗುತ್ತಿದೆ ಎಂದು ಒಂದಕ್ಷರ ಹೇಳುವುದಿಲ್ಲ; ಹೇಳಿದ್ದರೆ ಸೀನು ಅಲ್ಲೇ ಕೆಡುತ್ತಿತ್ತು. (ವಿಸೋಟಾ ಕೆರೆ ಅಣೆಕಟ್ಟಿನಿಂದ ಆದದ್ದು, ಅದೂ 1912ರ ನಂತರ. ತಪ್ಪು ಬಯಲಾಗಿ ವರ್ಷಗಳಾದರೂ ಸೀನಿನ ಬಿಗಿ ಸಡಿಲವಾಗಿಲ್ಲ. ಭಾವಕ್ಕೆ ಬೇಕಾದ ನಿಖರತೆಯೂ ಭೂಗೋಳಕ್ಕೆ ಬೇಕಾದ ನಿಖರತೆಯೂ ಒಂದೇ ಅಲ್ಲವೆನ್ನಲು ಇದೊಂದು ಸಾಕ್ಷಿ.)

ಅದೇ ಕಂಬಿಗೆ ಇಬ್ಬರೂ ಕೊನೆಯಲ್ಲಿ ಮರಳುತ್ತಾರೆ. ಹಡಗಿನ ಹಿಂಭಾಗ ಆಕಾಶಕ್ಕೆ ಎದ್ದಾಗ ಹಿಡಿದುಕೊಳ್ಳಲು ಉಳಿದ ಜಾಗ ಅದೊಂದೇ. ನಾವು ಮೊದಲು ಭೇಟಿಯಾದದ್ದು ಇಲ್ಲೇ ಎಂದು ರೋಸ್ ಹೇಳುತ್ತಾಳೆ. ‘ನೀನು ಹಾರಿದರೆ ನಾನೂ ಹಾರುತ್ತೇನೆ’ ಎಂಬ ಮಾತು ಮೊದಲ ಸಲ ಜಾಕ್ ಬಾಯಲ್ಲಿ, ಬೆದರಿಕೆಯ ಹಾಗೆ; ಕೊನೆಯ ಸಲ ದೋಣಿಯಿಂದ ವಾಪಸು ಹಾರಿ ಬಂದ ರೋಸ್ ಬಾಯಲ್ಲಿ. ‘ನಿನ್ನ ಮೇಲೆ ನಂಬಿಕೆ ಇದೆ’ ಎಂಬುದು ಮೂತಿಯ ತುದಿಯಲ್ಲಿ ಕೈ ಚಾಚಿ ನಿಂತಾಗ ಆಟ. ಬೇಡಿ ಬಿದ್ದ ಜಾಕ್‌ನನ್ನು ಬಿಡಿಸಲು ರೋಸ್ ಕೊಡಲಿ ಎತ್ತಿದಾಗ ಕೈ ತುಂಡಾಗುವ ಪ್ರಶ್ನೆ. ಮಾತು ಅದೇ ಇದ್ದು ಸಂದರ್ಭದ ಬೆಲೆ ಏರಿರುತ್ತದೆ. ಡೈಲಾಗ್ ಚೆನ್ನಾಗಿಲ್ಲ ಎಂದು ಬೈದ ವಿಮರ್ಶಕರಿಗೆ ಕಾಣದೇ ಹೋದದ್ದು ಇದು: ಸರಳ ವಾಕ್ಯವಾದ್ದರಿಂದಲೇ ಎರಡನೇ ಸಲ ಕೇಳಿದ ಕೂಡಲೇ ಗುರುತು ಸಿಗುತ್ತದೆ.

ಇದರ ನಡುವೆ ಒಂದು ಪುಟ್ಟ ಶಾಟ್ ಇದೆ, ಹೆಚ್ಚು ಜನ ಗಮನಿಸಿರಲಾರರು. ರೋಸ್ ಜಾಕ್‌ನನ್ನು ನಿರಾಕರಿಸಿ ಬಂದು ತಾಯಿಯ ಜೊತೆ ಚಹಾದ ಮೇಜಿನ ಮುಂದೆ ಕೂತಿದ್ದಾಳೆ. ಮಾತು ಸಿರಿವಂತ ಕಾಲ್ ಜೊತೆಗಿನ ಅವಳ ಮದುವೆಯ ಆಮಂತ್ರಣ, ಉಡುಪು ಇತ್ಯಾದಿ. ಅವಳ ದೃಷ್ಟಿ ಇನ್ನೊಂದು ಮೇಜಿಗೆ ಹೋಗುತ್ತದೆ. ಅಲ್ಲಿ ಚಿಕ್ಕ ಹುಡುಗಿಯೊಬ್ಬಳಿಗೆ ಅಮ್ಮ ಬೆನ್ನು ನೆಟ್ಟಗಿಟ್ಟು ಕೂರುವುದನ್ನು ಕಲಿಸುತ್ತಿದ್ದಾಳೆ. ಮಗು ಕರವಸ್ತ್ರವನ್ನು ನಾಜೂಕಾಗಿ ತೊಡೆಯ ಮೇಲೆ ಹಾಸಿಕೊಳ್ಳುತ್ತದೆ. ಅಷ್ಟೇ. ಮುಂದಿನ ಸೀನಿನಲ್ಲಿ ರೋಸ್ ಹಡಗಿನ ಮೂತಿಗೆ ಬಂದು, ಮನಸ್ಸು ಬದಲಿಸಿದೆ ಎನ್ನುತ್ತಾಳೆ. ಇದಕ್ಕೂ ಮೊದಲು ತಾಯಿ ಕಾರ್ಸೆಟ್ (ನಡು ಬಿಗಿಯುವ ಒಳಉಡುಪು) ಬಿಗಿಯುತ್ತ ಮನೆಯ ಸಾಲದ ಕಥೆ ಹೇಳಿ, ಅನ್ಯಾಯವೇ ಹೌದು, ನಾವು ಹೆಂಗಸರು ಎಂದಿದ್ದಾಳೆ. ಆ ಮಾತಿಗಿಂತ ಕರವಸ್ತ್ರ ಹಾಸಿದ ಪುಟ್ಟ ಕೈ ಬಲವಾದ ವಾದ. ಒಬ್ಬ ಸುಂದರ ಹುಡುಗನಿಗಾಗಿ ಮನಸ್ಸು ಬದಲಿಸಿದಳು ಎಂದಾಗಿದ್ದರೆ ಚಿತ್ರ ಅಲ್ಲಿಗೇ ನಿಲ್ಲುತ್ತಿತ್ತು. ತನ್ನ ಬಾಲ್ಯವನ್ನು ಎದುರಿಗೆ ಕಂಡು ಎದ್ದಳು ಎಂಬುದರಿಂದ ಅವಳು ಉಳಿಯುವುದಕ್ಕೆ ಆ ಹುಡುಗನಿಗಿಂತ ದೊಡ್ಡದೊಂದು ಕಾರಣ ಸಿಗುತ್ತದೆ.

ಸಾವಿರದೈನೂರು ಜನರಿಗೆ ಅಳುವುದು ಹೇಗೆ

ಯಾರಿಂದಲೂ ಆಗದು. ಐದಾರು ಜನರಿಗೆ ಅಳಬಹುದು. ಮುಳುಗಡೆಯ ನಡುವೆ ಬರುವ ವಾದ್ಯವೃಂದದ ಭಾಗವನ್ನು ಬಿಡಿಸಿ ನೋಡಿದರೆ ಈ ಲೆಕ್ಕ ಕಾಣುತ್ತದೆ. ಪಿಟೀಲುಗಾರ ವಾಲೇಸ್ ಹಾರ್ಟ್ಲಿ ಉಳಿದವರನ್ನು ಬೀಳ್ಕೊಟ್ಟು ಒಬ್ಬನೇ ನಿಂತು ಪ್ರಾರ್ಥನಾಗೀತೆಯೊಂದನ್ನು ಎತ್ತಿಕೊಳ್ಳುತ್ತಾನೆ. ಹೊರಟಿದ್ದವರು ತಿರುಗಿ ಬಂದು ಜೊತೆಗೂಡುತ್ತಾರೆ. ಗದ್ದಲದ ಸದ್ದು ಹಿಂದೆ ಸರಿದು ಪಿಟೀಲು ಮಾತ್ರ ಉಳಿಯುತ್ತದೆ. ಅದರ ಮೇಲೆ ನಾಲ್ಕು ಚಿತ್ರ: ಚುಕ್ಕಾಣಿಯ ಕೋಣೆಯಲ್ಲಿ ಕ್ಯಾಪ್ಟನ್, ಗಡಿಯಾರದ ಮುಳ್ಳು ಸರಿಪಡಿಸುವ ಆಂಡ್ರೂಸ್, ಮಂಚದ ಮೇಲೆ ಒಬ್ಬರನ್ನೊಬ್ಬರು ಅಪ್ಪಿ ಮಲಗಿದ ವೃದ್ಧ ದಂಪತಿ, ಎರಡು ಮಕ್ಕಳನ್ನು ಮಲಗಿಸಿ ಕಥೆ ಹೇಳುವ ಐರಿಷ್ ತಾಯಿ.

ನಾಲ್ವರಲ್ಲಿ ಮೂವರನ್ನು ನಾವು ಮುಂಚೆಯೇ ಬಲ್ಲೆವು. ಕ್ಯಾಪ್ಟನ್ನನ ಹೆಮ್ಮೆ ನೋಡಿದ್ದೇವೆ, ಆಂಡ್ರೂಸ್ ಬಾಯಿಂದ ದೋಣಿಯ ಲೆಕ್ಕ ಕೇಳಿದ್ದೇವೆ. ಆ ತಾಯಿ ಗೇಟಿನ ಹಿಂದೆ ನಿಂತು, ಮೊದಲ ದರ್ಜೆಯವರದ್ದು ಮುಗಿದ ಮೇಲೆ ನಮ್ಮ ಸರದಿ, ತಯಾರಾಗಿರಬೇಕು ಎಂದು ಮಕ್ಕಳಿಗೆ ಸಮಾಧಾನ ಹೇಳಿದ್ದಳು. ಸರದಿ ಬರಲಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಕ್ಕಳು ಹಾಸಿಗೆಯಲ್ಲಿರುವುದೇ ಸಾಕು. ದಂಪತಿ ಮಾತ್ರ ಅಪರಿಚಿತರು. ಅವರ ಹಿಂದಿರುವುದು ನ್ಯೂಯಾರ್ಕಿನ ಮೇಸೀಸ್ ಮಳಿಗೆಯ ಸಹಮಾಲೀಕ ಇಸಿಡೋರ್ ಸ್ಟ್ರಾಸ್ ಮತ್ತು ಗಂಡನನ್ನು ಬಿಟ್ಟು ದೋಣಿ ಹತ್ತಲು ಒಪ್ಪದ ಅವರ ಹೆಂಡತಿ ಐಡಾ. ಡೆಕ್ಕಿನ ಮೇಲೆ ಐಡಾ ಆಡುವ ಮಾತನ್ನೂ ಚಿತ್ರೀಕರಿಸಿದ್ದರು, ಸಂಕಲನದಲ್ಲಿ ತೆಗೆದುಹಾಕಿದರು. ಮಾತಿದ್ದರೆ ಅದು ಸ್ಟ್ರಾಸ್ ದಂಪತಿಯ ಕಥೆ. ಮಾತಿಲ್ಲದೆ ಯಾವ ಮನೆಯ ಅಜ್ಜ ಅಜ್ಜಿಯೂ ಆಗಬಹುದು.

ಕನ್ನಡಕ್ಕೆ ಡಬ್ಬಿಂಗ್ ನಡೆಯದಿದ್ದ ಆ ಕಾಲದಲ್ಲಿ, ಇಂಗ್ಲಿಷ್ ಅರೆಬರೆ ಬಲ್ಲವರಿಗೂ ಈ ಚಿತ್ರ ದಾಟಿದ್ದು ಇಂಥ ಕಡೆಗಳಲ್ಲೇ. ದೋಣಿ ಇಳಿಯುವಾಗ ರೋಸ್ ಮೇಲೆ ನೋಡುವ ಸೀನು ತೆಗೆದುಕೊಳ್ಳಿ: ಚಲನೆ ನಿಧಾನವಾಗುತ್ತದೆ, ಕೂಗಾಟ ಮಸುಕಾಗುತ್ತದೆ, ಜಾಕ್ ತಲೆಯ ಮೇಲೆ ಅಪಾಯಸೂಚಕ ಬಾಣ ಸಿಡಿಯುತ್ತದೆ, ಮುಖದಿಂದ ಮುಖಕ್ಕೆ ಕಟ್. ನಿರ್ಧಾರ ಆಗುವುದನ್ನು ಕಣ್ಣಾರೆ ಕಾಣುತ್ತೇವೆ. ಆಮೇಲೆ ನೀರಿನಲ್ಲಿ ಬಿದ್ದವರ ಕೂಗು ದಟ್ಟವಾಗಿ ಕೇಳಿ, ಕ್ರಮೇಣ ತೆಳುವಾಗಿ, ಇಲ್ಲವಾಗುತ್ತದೆ. ಹೆಣ ಎಣಿಸಿ ತೋರಿಸುವ ಬದಲು ಸದ್ದು ಕಡಿಮೆ ಮಾಡಿದರು. ನಟರ ಬಾಯಿಂದ ಹೊರಡುವ ಹಬೆಯನ್ನು ಆಮೇಲೆ ಕಂಪ್ಯೂಟರಿನಲ್ಲಿ ಸೇರಿಸಿದ್ದು. ತೊಟ್ಟಿಯ ನೀರು ಅಷ್ಟು ತಣ್ಣಗಿರಲಿಲ್ಲ. ಈ ಸಣ್ಣ ಕೆಲಸ ಬಿಟ್ಟಿದ್ದರೆ ಸಾವಿರ ಚೂರಿಯ ಮಾತು ನಂಬಿಸುತ್ತಿರಲಿಲ್ಲ.

ಹಾಡು ಬರುವ ಹೊತ್ತಿಗೆ

ಕ್ಯಾಮರೂನ್‌ಗೆ ಚಿತ್ರದಲ್ಲಿ ಹಾಡು ಬೇಡವಾಗಿತ್ತು. ಸಂಗೀತ ನಿರ್ದೇಶಕ ಜೇಮ್ಸ್ ಹಾರ್ನರ್, ವಿಲ್ ಜೆನ್ನಿಂಗ್ಸ್ ಕೈಯಲ್ಲಿ ಸಾಹಿತ್ಯ ಬರೆಸಿ, ಸೆಲೀನ್ ಡಿಯಾನ್ ಕಂಠದಲ್ಲಿ ಡೆಮೊ ಮಾಡಿಸಿಕೊಂಡು, ಸಮಯ ನೋಡಿ ಕೇಳಿಸಿದರು. ಚಿತ್ರದಲ್ಲಿ ಆ ಹಾಡು ಪೂರ್ತಿಯಾಗಿ ಬರುವುದು ಕೊನೆಯ ಹೆಸರುಗಳ ಜೊತೆ ಮಾತ್ರ. ಆದರೆ ಅದರ ರಾಗ ಆಗಲೇ ಹಲವು ಸಲ ಬಂದುಹೋಗಿರುತ್ತದೆ: ಗಾಯಕಿ ಸಿಸೆಲ್ ಅವರ ಸಾಹಿತ್ಯವಿಲ್ಲದ ಆಲಾಪದಲ್ಲಿ, ಜಾಕ್ ಚಿತ್ರ ಬರೆಯುವಾಗ ಹಾರ್ನರ್ ತಾವೇ ನುಡಿಸಿದ ಒಂಟಿ ಪಿಯಾನೋದಲ್ಲಿ. ಪದ ಸೇರುವ ಹೊತ್ತಿಗೆ ರಾಗದೊಳಗೆ ದೃಶ್ಯಗಳು ತುಂಬಿಕೊಂಡಿವೆ. ಹಾಡು ಚಿತ್ರವನ್ನು ಗೆಲ್ಲಿಸಿತು ಎನ್ನುವವರು ಲೆಕ್ಕವನ್ನು ತಿರುಗುಮುರುಗು ಓದುತ್ತಿದ್ದಾರೆ.

ಕತ್ತರಿಸಿದ್ದು

ಜಾಕ್ ಮತ್ತು ಕಾಲ್‌ನ ಅಂಗರಕ್ಷಕನ ನಡುವೆ ನೀರು ತುಂಬಿದ ಊಟದ ಹಾಲಿನಲ್ಲಿ ದೊಡ್ಡ ಹೊಡೆದಾಟವೊಂದನ್ನು ಚಿತ್ರೀಕರಿಸಿದ್ದರು. ಪರೀಕ್ಷಾ ಪ್ರದರ್ಶನದ ನಂತರ ಅದು ಹೋಯಿತು. ಹಡಗೇ ಖಳನಾಗಿರುವಾಗ ಮನುಷ್ಯ ಖಳನ ಜೊತೆ ಗುದ್ದಾಟ ನೋಡುವ ತಾಳ್ಮೆ ಯಾರಿಗೂ ಇರಲಿಲ್ಲ. ಹತ್ತಿರದಲ್ಲಿದ್ದೂ ನೆರವಿಗೆ ಬಾರದ ಕ್ಯಾಲಿಫೋರ್ನಿಯನ್ ಹಡಗಿನ ಪ್ರಸಂಗವೂ ಹೋಯಿತು. ಇತಿಹಾಸಕ್ಕೆ ಅದು ದೊಡ್ಡ ವಿಷಯ, ಆದರೆ ಕ್ಯಾಮೆರಾ ಮುಳುಗುವ ಹಡಗನ್ನು ಬಿಟ್ಟು ಹೊರಗೆ ಹೋದರೆ ಉಸಿರು ಬಿಟ್ಟ ಹಾಗಾಗುತ್ತದೆ.

ಮೂರನೆಯದು ಅಂತ್ಯವೇ. ಮೊದಲ ಆವೃತ್ತಿಯಲ್ಲಿ ಅಜ್ಜಿ ತಾನು ಇಷ್ಟು ವರ್ಷ ಬಚ್ಚಿಟ್ಟ ವಜ್ರವನ್ನು ಕಡಲಿಗೆ ಎಸೆಯುವ ಮುನ್ನ ಮೊಮ್ಮಗಳೂ ನಿಧಿ ಹುಡುಕುವವನೂ ಓಡಿಬರುತ್ತಾರೆ. ಅಜ್ಜಿ ಬದುಕಿನ ಬಗ್ಗೆ ನಾಲ್ಕು ಮಾತಾಡಿ, ಅವನ ಅಂಗೈಯಲ್ಲೊಮ್ಮೆ ವಜ್ರ ಇಟ್ಟು, ಆಮೇಲೆ ಎಸೆಯುತ್ತಾಳೆ. ನೋಡಿದರೆ ತಕ್ಷಣ ತಿಳಿಯುತ್ತದೆ, ಎಷ್ಟು ಪೇಲವ ಎಂದು. ಆ ಹೊತ್ತಿಗೆ ನಿಧಿ ಹುಡುಕುವವನ ಜ್ಞಾನೋದಯ ಯಾರಿಗೆ ಬೇಕು? ಈಗಿರುವ ಅಂತ್ಯದಲ್ಲಿ ಅವಳು ಒಬ್ಬಳೇ. ಬೋಧನೆಯ ಜಾಗದಲ್ಲಿ ಮಂಚದ ಪಕ್ಕದ ಫೋಟೋಗಳಿವೆ: ವಿಮಾನದ ಬಳಿ ರೋಸ್, ಕಡಲತೀರದಲ್ಲಿ ಗಂಡಸರ ಹಾಗೆ ಕಾಲು ಹಾಕಿ ಕುದುರೆ ಏರಿದ ರೋಸ್. ಆ ಕುದುರೆ ಸವಾರಿ ಡೆಕ್ಕಿನ ಮೇಲೆ ಜಾಕ್ ಹೇಳಿದ್ದ ಮಾತು. ಬಳಿಕ ಮಹಡಿಯ ಮೆಟ್ಟಿಲ ಬಳಿ ಸತ್ತವರೆಲ್ಲ ನಿಂತಿರುತ್ತಾರೆ, ಗಡಿಯಾರ 2.20 ತೋರಿಸುತ್ತದೆ.

ನಕಲು ಕೆಟ್ಟದ್ದೆಲ್ಲಿ, ಅಸಲು ತಪ್ಪಿದ್ದೆಲ್ಲಿ

2001ರ ‘ಪರ್ಲ್ ಹಾರ್ಬರ್’ ಹೊರನೋಟಕ್ಕೆ ಇದೇ ಅಳತೆ ಪಟ್ಟಿ ಹಿಡಿದಿತ್ತು: ಮೂರು ಗಂಟೆ, ಗೊತ್ತಿರುವ ದುರಂತ, ನಡುವೆ ಪ್ರೇಮ, ಕೊನೆಗೊಂದು ದೊಡ್ಡ ಹಾಡು. ಆದರೆ ದಾಳಿಗೆ ಮುಂಚಿನ ಭಾಗದಲ್ಲಿ ನಡೆಯುವುದು ತ್ರಿಕೋನ ಪ್ರೇಮ ಮಾತ್ರ. ದಾಳಿಯ ಹೊತ್ತಿಗೆ ಫಲ ಕೊಡುವಂಥದ್ದು ಅದರಲ್ಲಿ ಬಹಳ ಕಡಿಮೆ. ದಾಳಿ ಮುಗಿದ ಮೇಲೂ ಪ್ರತೀಕಾರದ ಕಥೆ ಬಹಳ ಹೊತ್ತು ಎಳೆಯುತ್ತದೆ. ಸ್ಫೋಟಗಳು ನೆನಪಿವೆ, ಜನ ನೆನಪಿಲ್ಲ.

‘ಟೈಟಾನಿಕ್’ ದೋಷಮುಕ್ತವೇನಲ್ಲ. ಖಳ ಕಾಲ್ ಒಂದೇ ಬಣ್ಣದ ಪಾತ್ರ. ಕೊನೆಗೆ ರೋಸ್ ತೇಲಿ ಉಳಿದ ಬಾಗಿಲ ಹಲಗೆಯ ಮೇಲೆ, ನೀರಿನಲ್ಲೇ ಸತ್ತ ಜಾಕ್‌ಗೂ ಜಾಗವಿತ್ತು ಎಂಬ ತಕರಾರು ಎಷ್ಟು ಬೆಳೆಯಿತೆಂದರೆ, 2023ರಲ್ಲಿ ಕ್ಯಾಮರೂನ್ ಸ್ಟಂಟ್ ಕಲಾವಿದರನ್ನು ತಣ್ಣೀರಿಗಿಳಿಸಿ ಪರೀಕ್ಷೆಯನ್ನೇ ಮಾಡಿಸಿದರು. ಕೆಲವು ಸನ್ನಿವೇಶಗಳಲ್ಲಿ ಉಳಿಯಬಹುದಿತ್ತು ಎಂದೇ ಬಂತು. ಈ ತಕರಾರು ಚಿತ್ರಕ್ಕೆ ನಷ್ಟ ಮಾಡಿಲ್ಲ. ಒಬ್ಬ ಕಾಲ್ಪನಿಕ ಹುಡುಗನನ್ನು ಉಳಿಸಲು ಜನ ಇಪ್ಪತ್ತೈದು ವರ್ಷ ವಾದಿಸಿದ್ದಾರೆ, ನಿರ್ಮಾಪಕರಿಗೆ ಇನ್ನೇನು ಬೇಕು.

ನಿಜವಾದ ತಪ್ಪು ಬೇರೆಡೆ ಇದೆ. ಮೊದಲ ಅಧಿಕಾರಿ ವಿಲಿಯಂ ಮರ್ಡಾಕ್ ಪ್ರಯಾಣಿಕರಿಗೆ ಗುಂಡು ಹಾರಿಸಿ, ಬಳಿಕ ತನಗೇ ಹಾರಿಸಿಕೊಂಡಂತೆ ಚಿತ್ರ ತೋರಿಸುತ್ತದೆ. ಅಧಿಕಾರಿಯೊಬ್ಬ ಗುಂಡು ಹಾರಿಸಿಕೊಂಡ ಎಂದು ಬದುಕುಳಿದ ಕೆಲವರು ಹೇಳಿದ್ದುಂಟು, ಆದರೆ ಅದು ಮರ್ಡಾಕ್ ಎಂದು ಎಂದೂ ಸಾಬೀತಾಗಿಲ್ಲ. ಸ್ಕಾಟ್ಲೆಂಡಿನ ಡಾಲ್‌ಬೀಟಿ ಊರಿನವರೂ ಅವರ ಕುಟುಂಬದವರೂ ನೊಂದುಕೊಂಡರು. 1998ರಲ್ಲಿ ಸ್ಟುಡಿಯೋ ಪ್ರತಿನಿಧಿ ಅಲ್ಲಿಗೆ ಹೋಗಿ ಕ್ಷಮೆ ಕೇಳಿ, ಮರ್ಡಾಕ್ ಸ್ಮರಣೆಯ ಶಾಲಾ ಬಹುಮಾನ ನಿಧಿಗೆ 5,000 ಪೌಂಡ್ ಕೊಟ್ಟರು. ಕುಟುಂಬದವರ ನೋವಿನ ಬಗ್ಗೆ ತಾನು ಸೂಕ್ಷ್ಮವಾಗಿರಲಿಲ್ಲ ಎಂದು ಕ್ಯಾಮರೂನ್ ಕೂಡ ಆಮೇಲೆ ಹೇಳಿದರು. ಜಾಕ್, ರೋಸ್ ಇಬ್ಬರಿಗೂ ಕಟ್ಟುಹೆಸರು ಕೊಟ್ಟ ಚಿತ್ರ ಇದು. ಆ ಅಧಿಕಾರಿಗೂ ಒಂದು ಕಟ್ಟುಹೆಸರು ಇಟ್ಟಿದ್ದರೆ ಸೀನಿನ ತೂಕ ಗುಲಗಂಜಿಯಷ್ಟೂ ಕಡಿಮೆಯಾಗುತ್ತಿರಲಿಲ್ಲ.